ರಾಡಿಕಟ್ಟೆಯ ಗುರುತುಕಲ್ಲು

ಹನ್ನೆರಡು ಹೆಣಗಳು ರಾಡಿಯಲ್ಲಿ ಉಸಿರುಕಟ್ಟಿ ಸತ್ತವರವು. ಹದಿಮೂರನೆಯದು ಹಾಗಲ್ಲ. ಅದರ ತಲೆ ಹಿಂದಿನಿಂದ ಒಡೆದಿತ್ತು.

ಹೆಡ್ ಕಾನ್‌ಸ್ಟೇಬಲ್ ಏಕಾಂತಪ್ಪ ಮೊಣಕಾಲುದ್ದದ ಬೂದು ಕೆಸರಿನಲ್ಲಿ ಬಗ್ಗಿ, ಹೆಣದ ನರೆಗೂದಲು ತೊಳೆದು ನೋಡಿದ. ಆದೋನಿಯಿಂದ ಇಬ್ಬರು ಪೇದೆಗಳೊಂದಿಗೆ ಆಗತಾನೆ ಬಂದಿದ್ದ. 1955ರ ಮಳೆಗಾಲ ಮುಗಿಯುತ್ತಿದ್ದ ದಿನಗಳು.

ಮದ್ದಿಕೇರದ ಆಚೆ ಅದೊಂದು ಸಣ್ಣ ಚಿನ್ನದ ಗಣಿ. ಗಿರಣಿಯಲ್ಲಿ ಕಲ್ಲು ಅರೆದು ಚಿನ್ನ ತೆಗೆದ ಮೇಲೆ ವಿಷದ ರಾಡಿ ಉಳಿಯುತ್ತದೆ. ಅದನ್ನು ಗುಡ್ಡದ ಮಗ್ಗುಲಲ್ಲಿ ಮಣ್ಣಿನ ಏರಿ ಹಾಕಿ ನಿಲ್ಲಿಸಿದ್ದರು. ಏರಿಯ ಕೆಳಗೇ ಕುರಿಯವರ ಹಟ್ಟಿ! ಅಲ್ಲಿ ಏರಿ ಹಾಕಿದವನ ಬುದ್ಧಿಗಿಷ್ಟು ಬೆಂಕಿ ಹಾಕ. ಆ ಗುರುವಾರ ಹೊತ್ತು ಮೂಡುವಾಗ ಏರಿ ಒಡೆಯಿತು. ಒಲೆ ಹಚ್ಚುತ್ತಿದ್ದ ಹೆಂಗಸರು ಒಲೆಯ ಮುಂದೆಯೇ ಹೂತುಹೋದರು. ಒಂದು ತೊಟ್ಟಿಲು ಸಿಕ್ಕಿತು, ಒಳಗೆ ರಾಡಿ ತುಂಬಿತ್ತು.

ಆ ಹದಿಮೂರನೆಯವನು ಉರುಕುಂದಪ್ಪ, ಏರಿಯ ಕಾವಲಿನವನು.

"ಹಿಡದೀವ್ರಿ ಸಾಹೇಬ್ರ! ಮಾರಣ್ಣನ್ನ ಹಿಡದೀವಿ!"

ಹತ್ತಿಪ್ಪತ್ತು ಜನ ಒಬ್ಬನನ್ನು ಎಳೆದು ತಂದರು. ಅವನ ಒಂದು ಕಣ್ಣು ಮುಚ್ಚಿಹೋಗಿತ್ತು. ಬಾಯಿಂದ ರಕ್ತ ಸುರಿಯುತ್ತಿತ್ತು. ಕುರಿ ಕಟ್ಟುವ ಹಗ್ಗವನ್ನೇ ಕುತ್ತಿಗೆಗೆ ಬಿಗಿದಿದ್ದರು.

"ಚಂಪಂಡ್ರಾ ವಾಣ್ಣಿ!" ಎಂದು ಒಬ್ಬ ತೆಲುಗಿನಲ್ಲಿ ಕೂಗಿದ. "ಕೊಲ್ರಿ ಅವನ್ನ!" ಎಂದು ಉಳಿದವರು ಕನ್ನಡದಲ್ಲಿ ಕೂಗಿದರು. ಕೊಲ್ಲುವ ವಿಷಯದಲ್ಲಿ ಭಾಷೆಯ ಜಗಳ ಇರಲಿಲ್ಲ.

ಗಿರಣಿಯ ಮೇಸ್ತ್ರಿ ಎರ್ರಿಸ್ವಾಮಿ ಮುಂದೆ ಬಂದ. ಅವನ ತಂಗಿ ಕೊಂಡಮ್ಮನ ಹೆಣವೂ ಆ ಸಾಲಿನಲ್ಲಿತ್ತು. ಅತ್ತು ಅತ್ತು ಅವನ ಕಣ್ಣುಗಳು ಕೆಂಪಾಗಿದ್ದವು.

"ಹೋದ ತಿಂಗಳು ರಾಡಿ ನೀರು ಕುಡದು ಇವನ ಕುರಿ ಸತ್ತಾವ್ರಿ. 'ಏರಿ ಕಡದು ಹಾಕ್ತೀನಿ' ಅಂತ ಎಲ್ಲಾರ ಮುಂದ ಅಂದಾನ. ನಿನ್ನೆ ಸಂಜಿಕೆ ಹೆಂಡ್ತಿ, ಮಕ್ಕಳು, ಕುರಿ ಎಲ್ಲಾ ಗುಡ್ಡ ಹತ್ತಿಸ್ಯಾನ. ಹಟ್ಟಿಯಾಗ ಖಾಲಿ ಇದ್ದಿದ್ದು ಇವನ ಗುಡಿಸಲು ಒಂದ!"

"ಯಾಕ ಹತ್ತಿಸಿದಿ?" ಏಕಾಂತಪ್ಪ ಕೇಳಿದ.

ಮಾರಣ್ಣ ರಕ್ತ ಉಗುಳಿದ. "ಉರುಕುಂದಪ್ಪಣ್ಣ ಹೇಳಿದ್ನ್ರಿ. 'ಏರಿ ಬುಡದಾಗ ಜಿನುಗೋ ನೀರು ತಿಳಿ ಇತ್ತು, ಇವತ್ತು ರಾಡಿ ಬರಾಕತ್ತೈತಿ. ಎಲ್ಲಾರಿಗೂ ಹೇಳು' ಅಂದ. ಏರಿ ಹತ್ತಿ ಹೋದ. ನಾ ಮನಿ ಮನಿಗೆ ಹೇಳೀನ್ರಿ."

"ಸುಳ್ಳು!" ಎರ್ರಿಸ್ವಾಮಿ ಕೂಗಿದ. "ಉರುಕುಂದಪ್ಪ ಊರಾಗ ಇದ್ದಿಲ್ಲ. ಮೂರು ದಿನದ ಹಿಂದ ಸಿ. ಬೆಳಗಲ್‌ಗೆ ಸತ್ತ ನೆಂಟರ ಮಣ್ಣಿಗೆ ಹೋಗಿದ್ದ. ಅವನು ಬಂದದ್ದು ನೋಡಿದೋನು ಇವನೊಬ್ಬನ!"

ಜನ ಹಗ್ಗ ಜಗ್ಗಿದರು. ಮಾರಣ್ಣನ ನಾಲಿಗೆ ಹೊರಬಂತು. ಏಕಾಂತಪ್ಪ ಲಾಠಿಯಿಂದ ನಾಲ್ಕು ಕೈ ಬಿಡಿಸಿದ.

"ಇವನ ಕೊಡಲಿ ತರ್ರಿ."

ಕೊಡಲಿಯನ್ನು ಹೆಣದ ತಲೆಗೆ ಹಿಡಿದು ನೋಡಿದ. ಕೊಡಲಿ ಸೀಳುತ್ತದೆ. ಇದು ಜಜ್ಜಿದ ಗಾಯ. ಅಂಗೈಯಗಲ, ಚೌಕ. ಒಂದು ಮೂಲೆಯಲ್ಲಿ ಮಾತ್ರ ಎಲುಬು ಮುರಿದಿರಲಿಲ್ಲ.

ಜಿನುಗು ನೀರಿನ ಮಾತೂ ಅವನನ್ನು ಕಾಡಿತು. ಅವನ ಅಪ್ಪ ಹಾಲಹರವಿಯಲ್ಲಿ ಕೆರೆಯ ನೀರಗಂಟಿ. ತಿಳಿನೀರು ಜಿನುಗಿದರೆ ಹೆದರಬೇಡ, ಕೆಸರು ಬಂದರೆ ಏರಿ ಒಳಗಿಂದ ಕೊಚ್ಚಿಹೋಗುತ್ತಿದೆ ಅಂತ ತಿಳಿ ಎನ್ನುತ್ತಿದ್ದ. ಕುರಿ ಕಾಯುವ ಮಾರಣ್ಣ ಇದನ್ನು ಕಟ್ಟಿ ಹೇಳಲಾರ.

* * *

ಏರಿಯ ಮೇಲೆ, ಒಡೆದ ಜಾಗದಿಂದ ಹತ್ತು ಹೆಜ್ಜೆ ಆಚೆ, ಒಳ ಇಳಿಜಾರಿನಲ್ಲಿ ಗುರುತುಕಲ್ಲು ನಿಂತಿತ್ತು. ರಾಡಿ ಕಲ್ಲಿನ ಬುಡ ಮುಟ್ಟಿತೆಂದರೆ ಗಿರಣಿ ನಿಲ್ಲಬೇಕು. ಅದು ಕಟ್ಟಳೆ.

"ನೋಡ್ರಿ," ಎರ್ರಿಸ್ವಾಮಿ ತೋರಿಸಿದ. "ರಾಡಿ ನಿಂತ ಕಲೆ ಈ ಕಲ್ಲಿಗಿಂತ ಒಂದು ಮೊಳ ಕೆಳಗ ಐತಿ. ತಾನಾಗಿ ಒಡಿಯೋ ಏರಿ ಅಲ್ಲ ಇದು. ಕಡದಾರ."

ಮಾತು ಸರಿಯಾಗಿತ್ತು, ಕಲ್ಲು ಸುಳ್ಳು ಹೇಳದಿದ್ದರೆ.

ಉರುಕುಂದಪ್ಪನ ಹೆಂಡತಿ ಗಾದಿಲಿಂಗಮ್ಮ ಹಿಂದೆಯೇ ಬಂದಿದ್ದಳು. ಗಂಡ ದಿನವೂ ಕೂರುತ್ತಿದ್ದ ಜಾಗ. ಕಲ್ಲು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳಲು ಬಗ್ಗಿದವಳು ಹಾಗೇ ನಿಂತಳು.

"ನನ್ನ ಕುಂಕುಮ ಎಲ್ಲೈತ್ರಿ?"

ಏಕಾಂತಪ್ಪ ಕಲ್ಲಿನ ಆಚೆ ಇಣುಕಿದ. ಅರಿಶಿನ, ಕುಂಕುಮ ಅಲ್ಲಿತ್ತು, ರಾಡಿಯ ಕಡೆ ಮುಖ ಮಾಡಿ.

"ಎಲ್ಲಿ ನಿಂತು ಹಚ್ಚತೀಯವ್ವ?"

"ಏರಿ ಕಡೆ ನಿಂತುರಿ. ಶುಕ್ರವಾರಕ್ಕೊಮ್ಮೆ ಗಂಗಮ್ಮ ಅಂತ ಹಚ್ಚತೀನಿ. ಆ ಕಡೆ ಇಳದ್ರ ಕಾಲು ಜಾರಿ ರಾಡಿಗ ಹೋಗತೀನಲ್ರಿ!"

ಏಕಾಂತಪ್ಪ ಕಲ್ಲಿನ ಬುಡದ ಹುಲ್ಲು ಸರಿಸಿದ. ಹುಲ್ಲಿಗೆ ಬೇರೇ ಇರಲಿಲ್ಲ, ಕಿತ್ತು ತಂದು ಮುಚ್ಚಿದ್ದು. ಕೆಳಗೆ ಹೊಸದಾಗಿ ಬಡಿದ ಕೆಮ್ಮಣ್ಣು. ಮಣ್ಣಿನ ಮೇಲೆ ಅಂಗೈಯಗಲದ ಚೌಕ ಗುರುತುಗಳು. ಪ್ರತಿಯೊಂದಕ್ಕೂ ಒಂದು ಮೂಲೆ ಇಲ್ಲ.

ಇಳಿಜಾರಿನಲ್ಲಿ ಕೆಳಗೆ ನೋಡಿದ. ರಾಡಿ ಹರಿದುಹೋದ ಕಡೆ, ಮೂರು ಮೊಳ ಕೆಳಗೆ, ಕಲ್ಲಿನ ಬುಡದಷ್ಟೇ ಅಗಲದ ಒಂದು ಗುಂಡಿ ಬಾಯಿ ತೆರೆದಿತ್ತು.

"ಮೇಸ್ತ್ರಿ, ಹತಾರದ ಕೊಟ್ಟಿಗಿ ಬೀಗ ತಗಿ."

* * *

ಕೀಲಿ ಎರ್ರಿಸ್ವಾಮಿಯ ಉಡಿದಾರದಲ್ಲಿತ್ತು. ಇನ್ನೊಂದು ಕೀಲಿ ಇಲ್ಲ.

ಒಳಗೆ ಮಣ್ಣು ಬಡಿಯುವ ಕಬ್ಬಿಣದ ದಿಮ್ಮಸುಗಳು ಆರು. ಐದಕ್ಕೆ ಕೆಮ್ಮಣ್ಣು ಮೆತ್ತಿ ಗಟ್ಟಿಯಾಗಿತ್ತು. ಆರನೆಯದು ಫಳಫಳ ಹೊಳೆಯುತ್ತಿತ್ತು. ಅದರ ಒಂದು ಮೂಲೆ ಒಡೆದಿತ್ತು.

"ದಿಮ್ಮಸು ತೊಳದು ಇಡೋ ಮೇಸ್ತ್ರಿನ್ನ ನಾ ಇವತ್ತ ನೋಡಿದ್ದು," ಎಂದ ಏಕಾಂತಪ್ಪ. ಹಿಡಿಕೆಯ ಸಂದಿಯಲ್ಲಿ ಉಗುರು ಹಾಕಿ ಎಳೆದ. ರಕ್ತ ಅಂಟಿದ ನರೆಗೂದಲು ಬಂತು.

ಎರ್ರಿಸ್ವಾಮಿ ದಿಮ್ಮಸು ಕಸಿದು ಬೀಸಿದ. ಏಟು ಭುಜಕ್ಕೆ ಬಿತ್ತು. ಎಲುಬು ಲಟಕ್ಕೆಂದಿತು. ಏಕಾಂತಪ್ಪ ನೆಲಕ್ಕುರುಳಿದ. ದಿಮ್ಮಸು ಎರಡನೇ ಸಲ ಮೇಲೆದ್ದಿತು. ಬಾಗಿಲಲ್ಲಿದ್ದ ಮಾರಣ್ಣ, ಕುತ್ತಿಗೆಯ ಹಗ್ಗದ ಸಮೇತ, ಮೇಸ್ತ್ರಿಯ ಕಾಲಿಗೆ ಬಿದ್ದು ಕಚ್ಚಿದ. ಇಬ್ಬರೂ ಹತಾರಗಳ ಮೇಲೆ ಉರುಳಿದರು. ಪೇದೆಗಳು ಎರ್ರಿಸ್ವಾಮಿಯ ಬೆನ್ನ ಮೇಲೆ ಕೂತರು.

ಏಕಾಂತಪ್ಪ ಗೋಡೆಗೆ ಒರಗಿ, ಹಲ್ಲು ಕಚ್ಚಿ, ಬಾಗಿಲಲ್ಲಿ ನೆರೆದ ಜನಕ್ಕೆ ಹೇಳಿದ.

"ಮಳಿಗೆ ರಾಡಿ ಏರಿತು. ಕಲ್ಲು ಮುಟ್ಟಿದ್ರ ಗಿರಣಿ ನಿಲ್ಲಬೇಕು. ಉರುಕುಂದಪ್ಪ ಬೆಳಗಲ್‌ಗೆ ಹೋದದ್ದ ಸಂದು ಅಂತ ಇವನು ಕಲ್ಲು ಕಿತ್ತು ಮೂರು ಮೊಳ ಮ್ಯಾಲ ನಟ್ಟ. ಕುಂಕುಮ ಯಾವ ಕಡೆ ಐತಿ ಅಂತ ನೋಡಲಿಲ್ಲ. ಗಿರಣಿ ತಿರುಗ್ತು. ಹಳೇ ಗುರುತಿನ ಮ್ಯಾಲ ಎರಡು ಮೊಳ ರಾಡಿ ನಿಂತಿತು. ನಿನ್ನೆ ಸಂಜಿಕೆ ಉರುಕುಂದಪ್ಪ ಬಂದು ಕಲ್ಲು ನೋಡಿ ಕೇಳ್ಯಾನ. ಇವನು ಅದ ದಿಮ್ಮಸಿನಿಂದ ಹೊಡದು ರಾಡಿಗ ನೂಕ್ಯಾನ. ಏರಿ ಯಾರೂ ಕಡದಿಲ್ಲ. ಒಡದಾಗ ಹೆಣಾನೂ ಹೊರಗ ಬಂತು."

"ಗಿರಣಿ ನಿಂತ್ರ ಮೇಸ್ತ್ರಿ ಕೆಲಸ ಹೋಗತೈತಿ ಅಂದಿದ್ರು ಗಣಿ ದೊರೆಗಳು," ಎರ್ರಿಸ್ವಾಮಿ ಮಣ್ಣಿನಲ್ಲಿ ಮುಖ ಇಟ್ಟೇ ಹೇಳಿದ. "ಇನ್ನೊಂದು ವಾರ ತಡೀತೈತಿ ಅನ್ಕೊಂಡೆ."

"ಕೊಲ್ರಿ ಅವನ್ನ!" ಎಂದು ಮತ್ತೆ ಕೂಗೆದ್ದಿತು. ಅದೇ ಬಾಯಿಗಳು. ಮಾರಣ್ಣನಿಗೆ ಎತ್ತಿದ್ದ ಕಲ್ಲುಗಳೇ ಮತ್ತೆ ಮೇಲೆದ್ದವು. ನಾಚಿಕೆ ಇಲ್ಲದ ಜನ.

ಮಾರಣ್ಣ ಅಡ್ಡ ನಿಂತ. ಕುತ್ತಿಗೆಯ ಹಗ್ಗ ಬಿಚ್ಚಿ ಕೆಳಗೆ ಹಾಕಿದ.

"ನಿನ್ನ ತಂಗಿ ಒಬ್ಬಾಕಿನ ನನ್ನ ಮಾತು ನಂಬಿದ್ದಳು, ಎರ್ರಿಸ್ವಾಮಿ. ಗಂಟು ಕಟ್ಟಿದ್ದಳು. ಕೂಸನ್ನ ಎತ್ತಿಕೊಂಡಿದ್ದಳು. 'ಅಣ್ಣನ್ನ ಒಂದು ಮಾತು ಕೇಳಿ ಬರ್ತೀನಿ' ಅಂತ ನಿನ್ನ ಹತ್ರ ಬಂದಳು. ತಿರುಗಿ ಹೋಗಿ ಗಂಟು ಬಿಚ್ಚಿದಳು. 'ಅಣ್ಣ ಏರಿ ಮ್ಯಾಲ ಕರಕೊಂಡು ಹೋಗಿ ಕಲ್ಲು ತೋರಿಸ್ಯಾನ' ಅಂದಳು. ಅದನ್ನ ಕೇಳಿ ಹಟ್ಟಿ ಎಲ್ಲಾ ಮಲಗ್ತು."

ಎತ್ತಿದ ಕೈಗಳು ಒಂದೊಂದಾಗಿ ಇಳಿದವು.

ಎರ್ರಿಸ್ವಾಮಿ ಎದ್ದು ಕೂತು ತಾನಾಗಿಯೇ ಎರಡೂ ಕೈ ಮುಂದೆ ಚಾಚಿದ. ಏಕಾಂತಪ್ಪ ಒಂದೇ ಕೈಯಲ್ಲಿ ಬೇಡಿ ಹಾಕಿದ. ಆಮೇಲೆ ಗಿರಣಿಗೆ ಹೋಗಿ, ಇನ್ನೂ ತಿರುಗುತ್ತಿದ್ದ ಯಂತ್ರವನ್ನು ನಿಲ್ಲಿಸಿದ.