ಪಾಸ್ ಔಟ್ ಆದ ಅಕ್ಕ

"ಹೌದು ಕಣಯ್ಯಾ, ನಮ್ಮ ದೊಡ್ಡೋಳು ಪಾಸ್ ಔಟ್ ಆದ್ಳು. ಇವತ್ತು ಸಂಜೆ ಬರ್ತಾಳೆ," ಎಂದು ಅಪ್ಪ ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದರು.

ಶೂ ಲೇಸ್ ಕಟ್ಟುತ್ತಿದ್ದ ಚೂಟಿ ಗಾಬರಿಯಿಂದ ತಲೆಯೆತ್ತಿದಳು.

ಹೋದ ವಾರವಷ್ಟೇ ಅವಳು ಇಂಗ್ಲಿಷ್ ಪ್ರಬಂಧದಲ್ಲಿ, ಅಕ್ಕ ಈ ವರ್ಷ ಪಾಸ್ ಔಟ್ ಆಗುತ್ತಾಳೆ ಎಂದು ಬರೆದಿದ್ದಳು. ಹೊಸ ಮಿಸ್ ಅದರ ಕೆಳಗೆ ಕೆಂಪು ಗೆರೆ ಎಳೆದಿದ್ದರು.

"ಪಾಸ್ ಔಟ್ ಅಂದ್ರೆ ಪ್ರಜ್ಞೆ ತಪ್ಪಿ ಬೀಳೋದು. ಓದು ಮುಗಿಸೋದಕ್ಕೆ ಗ್ರಾಜುಯೇಟ್ ಅನ್ಬೇಕು."

"ಮೂರ್ಛೆ ಹೋಗೋಕೂ ಡೇಟ್ ಫಿಕ್ಸ್ ಮಾಡಿದ್ದಾಳಾ ನಿಮ್ಮಕ್ಕ?" ಎಂದು ಹಿಂದಿನ ಬೆಂಚಿನವನು ಕಿಸಕ್ಕನೆ ನಕ್ಕಿದ್ದ.

ಈಗ ಅಪ್ಪ ಆಡಿದ್ದು ಅಪ್ಪನ ಇಂಗ್ಲಿಷೋ, ಮಿಸ್ಸಿನ ಇಂಗ್ಲಿಷೋ?

"ಅಪ್ಪಾ, ಅಕ್ಕಂಗೆ ಏನಾಯ್ತು?"

"ಬಸ್ ಹೊರಟೋಗತ್ತೆ. ನಡಿ ನಡಿ," ಎಂದರು ಅಪ್ಪ. ಮಾತು ಮರೆಸಿದರು ಎಂದುಕೊಂಡಳು ಚೂಟಿ.

ಹೊಲಿಗೆ ಮೆಷಿನ್ ಮುಂದಿದ್ದ ಅಮ್ಮನನ್ನು ಕೇಳಿದರೆ, ಅವಳ ಬಾಯಿತುಂಬ ಗುಂಡುಸೂಜಿ. ಬರೀ "ಹ್ಞೂಂ" ಅಂದಳು. ಆಮೇಲೆ ಸೂಜಿಗಳನ್ನು ತೆಗೆದು, "ಬಂದ ತಕ್ಷಣ ಅವಳ ತಲೆ ತಿನ್ಬೇಡ. ತುಂಬಾ ಸುಸ್ತಾಗಿರ್ತಾಳೆ," ಎಂದಳು.

ಸುಸ್ತಂತೆ! ಚೂಟಿಗೆ ಅನುಮಾನ ಗಟ್ಟಿಯಾಯಿತು. ದೊಡ್ಡವರು ಕೆಟ್ಟ ಸುದ್ದಿಯನ್ನು ಮಕ್ಕಳಿಂದ ಮುಚ್ಚಿಡುವುದು ಹೀಗೇ. ಅಂದು ಕ್ಲಾಸಿನಲ್ಲಿ ಅವಳ ಕಿವಿಗೆ ಒಂದಕ್ಷರವೂ ಬೀಳಲಿಲ್ಲ.

ಸಂಜೆ ಅಕ್ಕ ಬಂದಳು. ನಗುನಗುತ್ತಲೇ ಬಂದಳು. ಆದರೆ ಗಲ್ಲ ಒಳಕ್ಕೆ ಹೋಗಿತ್ತು, ವಾಚು ಮುಂಗೈಯಲ್ಲಿ ಗರಗರ ತಿರುಗುತ್ತಿತ್ತು. ಚೂಟಿ ಅವಳ ಬ್ಯಾಗ್ ಎತ್ತಿಕೊಂಡು, ಅವಳನ್ನೂ ರೂಮಿಗೆ ಕರೆದೊಯ್ದು ಬಾಗಿಲು ಹಾಕಿದಳು.

"ನಿಜ ಹೇಳು. ನೀನು ಯಾವ ಥರ ಪಾಸ್ ಔಟ್ ಆಗಿದ್ದು? ಅಪ್ಪನ ಥರಾನಾ, ಮಿಸ್ ಥರಾನಾ?"

ಮಿಸ್ಸಿನ ಕತೆಯೆಲ್ಲ ಕೇಳಿ ಅಕ್ಕ ಬಿದ್ದು ಬಿದ್ದು ನಕ್ಕಳು. ಅರ್ಧಕ್ಕೇ ನಗು ನಿಂತಿತು.

"ಎರಡೂ ಕಣೇ," ಎಂದಳು ಮೆಲ್ಲಗೆ. "ಎಕ್ಸಾಮ್ ಟೈಮಲ್ಲಿ ಬರೀ ಟೀ ಬಿಸ್ಕತ್ತಲ್ಲೇ ದಿನ ತಳ್ಳಿದೆ. ಲ್ಯಾಬಲ್ಲಿ ದೊಪ್ಪಂತ ಬಿದ್ದುಬಿಟ್ಟೆ. ಅಮ್ಮಂಗೆ ಹೇಳ್ಬೇಡ. ಗಾಬರಿಯಾಗ್ತಾಳೆ."

ಚೂಟಿಗೆ ಅಳು ಬಂತು. ಸಿಟ್ಟೂ ಬಂತು.

"ಬೆಳಗ್ಗೆಯಿಂದ ಏನಾಗಿದೆ ಅಂತ ಗೊತ್ತಿಲ್ಲದೇನೇ ನಂಗೆ ಎಷ್ಟು ಭಯ ಆಗಿತ್ತು ಗೊತ್ತಾ? ನೀನೇ ಹೇಳು. ಇಲ್ಲಾಂದ್ರೆ ನಾನು ಹೇಳ್ತೀನಿ."

ಅಕ್ಕ ಎದ್ದು ಬಾಗಿಲು ತೆಗೆದಳು.

ಊಟಕ್ಕೆ ಕೂತಾಗಲೂ ಅಪ್ಪನ ಫೋನಿಗೆ ಬಿಡುವಿರಲಿಲ್ಲ. "ಹ್ಞಾಂ, ಪಾಸ್ ಔಟ್! ಫಸ್ಟ್ ಕ್ಲಾಸು!" ಅಕ್ಕ ತಟ್ಟೆಯಲ್ಲಿ ಬೆರಳಾಡಿಸುತ್ತಿದ್ದಳು. ಚೂಟಿ ಅವಳನ್ನೇ ನೋಡುತ್ತಿದ್ದಳು.

"ಅಮ್ಮಾ," ಎಂದಳು ಅಕ್ಕ ಕೊನೆಗೆ. "ನಾನು ಪಾಸ್ ಔಟ್ ಆದೆ."

"ಗೊತ್ತಲ್ಲೇ! ಊರಿಗೆಲ್ಲ ಸಾರ್ತಿದ್ದಾರೆ ನಿಮ್ಮಪ್ಪ," ಎಂದು ಅಮ್ಮ ನಕ್ಕಳು.

"ಅದಲ್ಲಮ್ಮಾ."

ಅಮ್ಮ ಬಡಿಸುವುದನ್ನು ನಿಲ್ಲಿಸಿದಳು. ಅಪ್ಪ ಫೋನ್ ಕೆಳಗಿಟ್ಟರು. ಇಬ್ಬರೂ ಅರ್ಥವಾಗದೆ ಚೂಟಿಯ ಕಡೆ ನೋಡಿದರು.

ಚೂಟಿಗೆ ಆ ಪದದ ಅರ್ಥ ಚೆನ್ನಾಗಿ ಗೊತ್ತಿತ್ತು. ಆದರೂ ಅವಳು ಬಾಯಿ ಬಿಡಲಿಲ್ಲ. ಅಕ್ಕನ ಪಕ್ಕಕ್ಕೆ ಸರಿದು ಕೂತು, ಅವಳು ಹೇಳಲೆಂದು ಕಾದಳು.