ನೂರು ಅಂದವಳು

"ಅಲ್ಲಿ ನೂರೇ ಇತ್ತು," ಎಂದರು ತಾತ. "ಆ ರಸ್ತೆ ವಿಷಯ ನಂಗೆ ಹೇಳಿಕೊಡ್ಬೇಡ ಸಾತು. ನೀನು ಹುಟ್ಟೋಕ್ ಮುಂಚೆಯಿಂದ ಅಲ್ಲಿ ದಿಮ್ಮಿ ಲಾರಿ ಓಡಿಸ್ದೋನು ನಾನು."

"ನಾನೆಲ್ಲಪ್ಪ ಹೇಳಿಕೊಡ್ತಿದೀನಿ? ಪೊಲೀಸ್ನೋರು ಹೇಳ್ತಿದಾರೆ. ಇಲ್ನೋಡು." ಅಮ್ಮ ಕೈಯಲ್ಲಿದ್ದ ನೋಟಿಸನ್ನು ಮೇಜಿನ ಮೇಲೆ ತಾತನ ಕಡೆಗೆ ತಳ್ಳಿದಳು.

ತಾತ ಅದನ್ನು ಮುಟ್ಟಲಿಲ್ಲ. "ಕನ್ನಡಕ ಮನೇಲೇ ಬಿಟ್ಬಂದೆ. ನೀನೇ ಓದು."

ಇಬ್ಬರ ನಡುವೆ ಕೂತಿದ್ದ ಕೆರ್ತು ಅರ್ಧ ತಿಂದ ಏಲಕ್ಕಿ ಬನ್ನನ್ನು ತಟ್ಟೆಯಲ್ಲಿ ವಾಪಸ್ಸಿಟ್ಟಳು.

ಆದದ್ದು ಇಷ್ಟೇ. ಸರೋವರದ ದಡದಲ್ಲಿ ತಾತನದೊಂದು ಗುಡಿಸಲಿದೆ. ಅಲ್ಲಿನ ಸೌನಾಕ್ಕೆ, ಅಂದರೆ ಬಿಸಿಹಬೆಯ ಸ್ನಾನದ ಕೋಣೆಗೆ, ಹೊಸ ಒಲೆ ಬೇಕಿತ್ತು. ಕಬ್ಬಿಣದ ಒಲೆ ತಾತನ ಪುಟ್ಟ ಕಾರಿನಲ್ಲಿ ಹಿಡಿಸುವುದಿಲ್ಲವೆಂದು ಅಮ್ಮ ತನ್ನ ಹೆಸರಿನಲ್ಲಿ ಒಂದು ವ್ಯಾನ್ ಬಾಡಿಗೆಗೆ ತಂದಳು. ಮೂವರೂ ವರ್ಕೌಸ್ ಊರಿಗೆ ಹೋಗಿ ಒಲೆ ತಂದರು. ಹಿಂದಿನ ರಾತ್ರಿಯೆಲ್ಲ ಟ್ಯಾಕ್ಸಿ ಓಡಿಸಿದ್ದ ಅಮ್ಮ, ಬರುವಾಗ ಕಿಟಕಿಗೆ ತಲೆ ಕೊಟ್ಟು ನಿದ್ದೆ ಹೋದಳು. ತಾತ ಓಡಿಸಿದರು. ಕೆರ್ತು ನಡುವಿನ ಸೀಟಿನಲ್ಲಿದ್ದಳು. ಗಂಟೆಗೆ ಎಂಬತ್ತು ಕಿಲೋಮೀಟರಿನ ಮಿತಿಯಿದ್ದ ಕಡೆ ವ್ಯಾನ್ ನೂರರಲ್ಲಿ ಹೋಯಿತೆಂದು ರಸ್ತೆ ಬದಿಯ ಕ್ಯಾಮೆರಾ ಫೋಟೋ ಹೊಡೆದಿತ್ತು. ಬಾಡಿಗೆ ಕಂಪನಿಯವರು ಪೊಲೀಸರಿಗೆ ಅಮ್ಮನ ಹೆಸರು ಕೊಟ್ಟು ಕೈತೊಳೆದುಕೊಂಡಿದ್ದರು.

"ಸುಮ್ನಿದ್ರೆ ಇದು ನನ್ನ ತಲೆಗೇ ಬರುತ್ತೆ," ಎಂದಳು ಅಮ್ಮ. "ಈ ವರ್ಷ ಆಗ್ಲೇ ಎರಡು ಸಲ ಸಿಕ್ಕಿಬಿದ್ದಿದೀನಿ. ಇನ್ನೊಂದಾದ್ರೆ ಲೈಸೆನ್ಸ್ ಕಿತ್ಕೋತಾರೆ. ಲೈಸೆನ್ಸ್ ಇಲ್ದೆ ಟ್ಯಾಕ್ಸಿ ಹೇಗಪ್ಪ ಓಡಿಸ್ಲಿ?"

"ಅದಕ್ಯಾಕೆ ಮುಖ ಹಾಗ್ ಮಾಡ್ಕೋತೀಯ? ಓಡಿಸ್ದೋನು ನಾನು. ನನ್ನ ಹೆಸರು ಕೊಡು. ಆದ್ರೆ ಬೋರ್ಡಲ್ಲಿ ಎಂಬತ್ತಿತ್ತು ಅಂದ್ರೆ ಮಾತ್ರ ಒಪ್ಪಲ್ಲ. ನೂರು ಅಂತ ಕಣ್ಣಾರೆ ನೋಡಿದೀನಿ. ಶುಕ್ರವಾರ ಸ್ಟೇಷನ್‌ಗೆ ಹೋಗಿ ಅವರ ಮುಂದೇನೇ ಹೇಳ್ತೀನಿ."

"ಚಳಿಗಾಲದ ಬೋರ್ಡು ಆ ವಾರಾನೇ ಹಾಕಿದಾರಪ್ಪ."

"ಹಾಕಿದ್ರೆ ನಂಗೆ ಕಾಣ್ತಿರ್ಲಿಲ್ವಾ?"

ತಾತ ಎದ್ದು ಟೋಪಿ ಹಾಕಿಕೊಂಡು ಪಕ್ಕದ ಬಿಲ್ಡಿಂಗಿನಲ್ಲಿದ್ದ ತಮ್ಮ ಮನೆಗೆ ಹೊರಟುಹೋದರು. ಅವರ ಕಪ್ಪಿನ ಸುತ್ತ ಮೇಜಿನ ಮೇಲೆ ಕಾಫಿ ಚೆಲ್ಲಿತ್ತು. ಅಮ್ಮ ಗೊಣಗುತ್ತ ಅದನ್ನು ಒರೆಸಿದಳು.

ಬೋರ್ಡಿನಲ್ಲಿ ಏನಿತ್ತೋ, ಕೆರ್ತುವಿಗೆ ಗೊತ್ತಿರಲಿಲ್ಲ. ಯಾಕೆಂದರೆ ಅವಳು ನೋಡಿರಲೇ ಇಲ್ಲ. ಆದರೆ "ನೂರು" ಎಂದು ಕೂಗಿದವಳು ಮಾತ್ರ ಅವಳೇ.

ಅದು ಅವರಿಬ್ಬರ ಆಟ. ತಾತ ರ‍್ಯಾಲಿ ಡ್ರೈವರ್, ಕೆರ್ತು ಪಕ್ಕದಲ್ಲಿ ಕೂತು ದಾರಿ ಹೇಳುವ ಕೋ-ಡ್ರೈವರ್. ಪ್ರತಿ ಶನಿವಾರ ಗುಡಿಸಲಿಗೆ ಹೋಗುವಾಗ ರಸ್ತೆಬದಿಯ ಬೋರ್ಡುಗಳನ್ನೆಲ್ಲ ಅವಳು ಓದಿ ಹೇಳಬೇಕು. "ಅರವತ್ತು," ಎಂದರೆ ತಾತನೂ "ಅರವತ್ತು," ಎಂದು ಆಕ್ಸಿಲರೇಟರಿನ ಮೇಲಿನ ಕಾಲು ಸಡಿಲಿಸುವರು. "ಎಡಕ್ಕೆ ತಿರುವು, ಕಡವೆ ಬರಬಹುದು," ಎಂದರೆ "ಕಡವೆ ಬರಬಹುದು," ಎನ್ನುವರು. ಒಂದು ಬೋರ್ಡು ಬಿಟ್ಟರೂ ತಾತನಿಗೆ ಕೋಪ ಬರುತ್ತಿತ್ತು. "ಕೋ-ಡ್ರೈವರ್ ನಿದ್ದೆ ಹೋದ್ರೆ ಇಬ್ರೂ ಹಳ್ಳಕ್ಕೆ," ಎನ್ನುತ್ತಿದ್ದರು. ಇಡೀ ವಾರದಲ್ಲಿ ಕೆರ್ತುವಿಗೆ ಅದಕ್ಕಿಂತ ಇಷ್ಟದ ಹೊತ್ತು ಬೇರೆ ಇರಲಿಲ್ಲ.

ಆವತ್ತು ಅವಳ ತೊಡೆಯ ಮೇಲೆ ಹೊಸ ಕಾಮಿಕ್ಸ್ ಪುಸ್ತಕವಿತ್ತು. ಕಣ್ಣಂಚಿನಲ್ಲಿ ಒಂದು ಬೋರ್ಡು ಸರಿದುಹೋಯಿತು. ಬೇಸಿಗೆಯಲ್ಲಿ ಅಲ್ಲಿ ನೂರಿತ್ತಲ್ಲ. ತಲೆಯೆತ್ತದೆ "ನೂರು," ಅಂದಳು. "ನೂರು," ಅಂದರು ತಾತ, ಕಾಲು ಒತ್ತಿದರು. ಸ್ವಲ್ಪ ಮುಂದೆ ಪಟ್ಟನೆ ಬೆಳಕು ಮಿಂಚಿತು. "ಯಾವನವನು, ಕಣ್ಣಿಗೆ ಲೈಟ್ ಹೊಡೀತಾನೆ," ಎಂದು ತಾತ ಬೈದುಕೊಂಡರು. ಅವಳು ಪುಟ ತಿರುಗಿಸಿದಳು.

ಈಗ ತಾತ ಕಣ್ಣಾರೆ ನೋಡಿದೆ ಎಂದು ಸುಳ್ಳು ಹೇಳುತ್ತಿದ್ದಾರೆ. ನನ್ನನ್ನು ಉಳಿಸುವುದಕ್ಕೇ, ಎಂದುಕೊಂಡಳು ಕೆರ್ತು.

ಮರುದಿನ ಶಾಲೆಯಲ್ಲಿ ಊಟದ ತಟ್ಟೆ ಹಿಡಿದು ಸಾಲಿನಲ್ಲಿ ನಿಂತಾಗ ತೌಕೊನನ್ನು ಕೇಳಿದಳು. ತೌಕೊನ ಅಪ್ಪ ಊರೂರಿಗೆ ಬ್ರೆಡ್ ಸಾಗಿಸುವ ವ್ಯಾನಿನ ಡ್ರೈವರ್.

"ವರ್ಕೌಸ್ ರಸ್ತೇಲಿ ಬೋರ್ಡ್ ಬದಲಾಯಿಸಿದಾರಾ?"

"ಆಗ್ಲೇ. ಹಿಮ ಬೀಳ್ಲಿ ಬಿಡ್ಲಿ, ಅಕ್ಟೋಬರ್ ಬಂದ್ರೆ ನೂರು ಕಿತ್ತು ಎಂಬತ್ತು ಹಾಕ್ತಾರೆ. ನಮ್ಮಪ್ಪ ಪ್ರತಿ ವರ್ಷ ಬೈಕೊಂಡು ಓಡಿಸ್ತಾನೆ. ಯಾಕೆ, ಯಾರು ಸಿಕ್ಕಿಬಿದ್ರು?"

"ನಮ್ತಾತ."

"ಅಷ್ಟು ದೊಡ್ಡ ಬೋರ್ಡು ಕಣೇ. ನಿಮ್ತಾತಂಗೆ ಕಣ್ಣು ಕಾಣಲ್ವಾ?"

"ನಿಂಗೇ ಕಾಣಲ್ಲ, ಹೋಗೋ," ಎಂದಳು ಕೆರ್ತು. ಆದರೆ ಬಟಾಣಿ ಸಾರು ಅವಳಿಗೆ ಸೇರಲಿಲ್ಲ. ಅರ್ಧ ತಟ್ಟೆ ಹಾಗೇ ಚೆಲ್ಲಿ ಬಂದಳು.

ಗುರುವಾರ ಸಂಜೆ ತಾತ ಮತ್ತೆ ಬಂದರು. ನಾಳೆ ಸ್ಟೇಷನ್ನಿನಲ್ಲಿ ಆಡುವ ಮಾತನ್ನು ಅಮ್ಮನ ಮುಂದೆ ಒಂದು ಸಲ ಆಡಿ ನೋಡುವುದಕ್ಕೆ. ಇಸ್ತ್ರಿ ಮಾಡಿದ ಶರ್ಟು ಹಾಕಿದ್ದರು. ಅಡುಗೆಮನೆಯ ನಡುವೆ ನೆಟ್ಟಗೆ ನಿಂತು ಶುರುಮಾಡಿದರು.

"ನನ್ನ ಹೆಸರು ಎನ್ಸಿಯೊ. ಜೀವಮಾನವೆಲ್ಲ ಲಾರಿ ಓಡಿಸಿದೀನಿ, ಒಂದೇ ಒಂದು ದಂಡ ಬಿದ್ದಿಲ್ಲ. ಆ ದಿನ ವ್ಯಾನ್ ಓಡಿಸಿದ್ದು ನಾನು, ನನ್ನ ಮಗಳಲ್ಲ. ಬೋರ್ಡಿನ ಮೇಲೆ ನೂರು ಅಂತ..."

"ತಾತ, ಹೇಳ್ಬೇಡ," ಎಂದಳು ಕೆರ್ತು. "ಬೋರ್ಡಲ್ಲಿ ಎಂಬತ್ತೇ ಇತ್ತು. ನೂರು ಅಂದಿದ್ದು ನಾನು. ನಾನು ನೋಡ್ಲೇ ಇಲ್ಲ, ಕಾಮಿಕ್ಸ್ ಓದ್ತಿದ್ದೆ. ಪೊಲೀಸರಿಗೆ ನನ್ನ ಹೆಸರು ಹೇಳು. ಅಮ್ಮನ ಹೆಸರೂ ಬೇಡ, ನಿಂದೂ ಬೇಡ."

ಅಮ್ಮ ನಕ್ಕುಬಿಟ್ಟಳು. ಎಷ್ಟೋ ದಿನದ ಮೇಲೆ ನಕ್ಕಿದ್ದಳು. "ಅಯ್ಯೋ ಹುಚ್ಚಿ, ಇದನ್ನೇ ಇಟ್ಕೊಂಡು ಮೂರು ದಿನದಿಂದ ಊಟ ಬಿಟ್ಟಿದ್ಯಾ? ನೀನು ಏನ್ ಕೂಗಿದ್ರೇನು? ಬೋರ್ಡು ನೋಡೋದು ಡ್ರೈವರ್ ಕೆಲಸ. ನಿಂದು ಆಟ. ತಾತ ಏನು ನಿನ್ನ ಮಾತು ಕೇಳ್ಕೊಂಡು..."

ಅಮ್ಮನ ನಗು ಅಲ್ಲೇ ನಿಂತಿತು. ಅವಳು ತಾತನ ಮುಖ ನೋಡಿದಳು. ತಾತ ಗೋಡೆಯ ಕಡೆ ತಿರುಗಿದರು.

"ಅಪ್ಪ," ಎಂದಳು ಅಮ್ಮ, ತುಂಬ ಮೆಲ್ಲಗೆ. "ಕನ್ನಡಕ ಹಾಕ್ಕೋ."

"ಮನೇಲಿದೆ."

"ಜೇಬಲ್ಲಿದೆ."

ಶರ್ಟಿನ ಜೇಬಿನಿಂದ ಅಮ್ಮನೇ ಕನ್ನಡಕ ತೆಗೆದು ಅವರ ಕೈಗಿಟ್ಟಳು. ನೋಟಿಸನ್ನೂ ಕೊಟ್ಟಳು. "ಓದು."

ತಾತ ಕನ್ನಡಕ ಹಾಕಿಕೊಂಡರು. ಕಾಗದವನ್ನು ಹತ್ತಿರ ತಂದರು, ದೂರ ಹಿಡಿದರು. ಆಮೇಲೆ, ಕೋಳಿ ಕಾಳನ್ನು ನೋಡುವ ಹಾಗೆ ಕತ್ತು ಓರೆಮಾಡಿ, ಪಕ್ಕದಿಂದ ನೋಡಿದರು.

"ಅಂಚಲ್ಲಿ ಕಾಣುತ್ತೆ," ಎಂದರು ಕೊನೆಗೆ. "ಮರ ಕಾಣುತ್ತೆ, ರಸ್ತೆ ಕಾಣುತ್ತೆ, ಎದುರಿಗೆ ಬರೋ ಲಾರಿ ಕಾಣುತ್ತೆ. ನಡುವೆ ಮಾತ್ರ ಏನೋ ಕೊಳೆ ಕೂತ ಹಾಗೆ. ಎಷ್ಟ್ ಉಜ್ಜಿದ್ರೂ ಹೋಗಲ್ಲ."

"ಯಾವಾಗಿಂದ?"

"ಹೋದ ಚಳಿಗಾಲದಿಂದ."

ಕೆರ್ತು ತಲೆಯೆತ್ತಿದಳು. ಕೋ-ಡ್ರೈವರ್ ಆಟ ಶುರುವಾದದ್ದೂ ಹೋದ ಚಳಿಗಾಲದಲ್ಲೇ.

"ಪಕ್ಕದಲ್ಲಿ ನನ್ನ ಮಗು ಕೂತಿತ್ತಲ್ಲಪ್ಪ," ಎಂದಳು ಅಮ್ಮ. ಅವಳು ಕೂಗಲಿಲ್ಲ. ಕೂಗಿದ್ದರೇ ವಾಸಿಯಿತ್ತು. "ಒಂದು ವರ್ಷದಿಂದ, ಪ್ರತಿ ಶನಿವಾರ."

"ಅದು ಕೂತಿದ್ದಕ್ಕೇ ಓಡಿಸ್ದೆ ಸಾತು. ಒಬ್ನೇ ಇದ್ದಾಗ ಕಾರ್ ಮುಟ್ಟಿಲ್ಲ. ದೇವರಾಣೆ ಮುಟ್ಟಿಲ್ಲ."

ಅಮ್ಮ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು.

ತಾತ ಕುರ್ಚಿಗೆ ತೂಗುಹಾಕಿದ್ದ ಕೋಟಿನ ಜೇಬಿಗೆ ಕೈಹಾಕಿ ಕಾರಿನ ಕೀ ತೆಗೆದರು. ಮೇಜಿನ ಮೇಲಿಟ್ಟರು. ಯಾರೂ ಕೇಳಿರಲಿಲ್ಲ. ಕೀಗೆ ಕೆರ್ತು ಎರಡನೇ ಕ್ಲಾಸಿನಲ್ಲಿ ಹೆಣೆದುಕೊಟ್ಟ ಕೆಂಪು ದಾರ ಕಟ್ಟಿತ್ತು.

"ತಾತ, ನಾನು ಬೇಕು ಅಂತ ಹೇಳ್ಲಿಲ್ಲ," ಎಂದು ಕೆರ್ತು ಅತ್ತಳು. "ನಿನ್ನ ಉಳಿಸ್ಬೇಕು ಅಂತ ಹೇಳ್ದೆ. ನನ್ನ ತಪ್ಪು ಅಂತ ಹೇಳೋಕೆ ಹೋದೆ."

"ಗೊತ್ತಮ್ಮ."

"ನಾನು ಸರಿಯಾಗಿ ಓದಿದ್ರೆ ಏನೂ ಆಗ್ತಿರ್ಲಿಲ್ಲ."

"ಸ್ಟೀರಿಂಗ್ ನನ್ನ ಕೈಲಿತ್ತು," ಎಂದರು ತಾತ. ಅವಳ ತಲೆ ಸವರಲು ಕೈ ಚಾಚಿದರು. ಕೈ ಮೊದಲು ಅವಳ ಭುಜಕ್ಕೆ ತಾಗಿತು, ಆಮೇಲೆ ತಲೆಗೆ ಬಂತು. ಮುಂಚೆಯೂ ಹೀಗೇ ಆಗುತ್ತಿತ್ತೇನೋ. ಕೆರ್ತು ಗಮನಿಸಿರಲಿಲ್ಲ.

ಆ ರಾತ್ರಿಯೇ ಅಮ್ಮ ನೋಟಿಸಿನ ಕೆಳಗೆ ವ್ಯಾನ್ ಓಡಿಸಿದವರೆಂದು ತಾತನ ಹೆಸರು ಬರೆದಳು. ತಾತ ಸಹಿ ಹಾಕಬೇಕಿತ್ತು. ಪೆನ್ನು ಕಾಗದದ ಮೇಲೆ ಅತ್ತಿತ್ತ ಅಲೆಯಿತು. ಕೆರ್ತು ಕಣ್ಣೊರೆಸಿಕೊಂಡು ಗೆರೆಯ ಮೇಲೆ ಬೆರಳಿಟ್ಟಳು. "ಇಲ್ಲಿ ತಾತ." ತಾತ ಅವಳ ಬೆರಳಿನ ಪಕ್ಕ ಸಹಿ ಹಾಕಿದರು.

ಸೋಮವಾರ ಕಣ್ಣಿನ ಡಾಕ್ಟರು ನೋಡಿದರು. ಇದು ಹೋಗುವ ಕೊಳೆಯಲ್ಲ, ಇನ್ನೂ ಹರಡುತ್ತದೆ ಎಂದರಂತೆ. ಅಮ್ಮ ಬಂದು ಇಷ್ಟು ಹೇಳಿ ಸ್ನಾನದ ಮನೆಗೆ ಹೋಗಿ ನಲ್ಲಿ ತಿರುಗಿಸಿದಳು. ನೀರು ಬಹಳ ಹೊತ್ತು ಹರಿಯುತ್ತಲೇ ಇತ್ತು. ತಾನು ಬಾಯಿ ಮುಚ್ಚಿಕೊಂಡಿದ್ದರೆ ತಾತ ಇನ್ನೂ ಕಾರು ಓಡಿಸುತ್ತಿದ್ದರು ಎಂದು ಕೆರ್ತು ಹಾಸಿಗೆಯಲ್ಲಿ ಹೊರಳಾಡಿ ಯೋಚಿಸಿದಳು. ಆದರೆ ತಾನು ಬಾಯಿ ಮುಚ್ಚಿಕೊಂಡು ಆ ಕಾರಿನಲ್ಲಿ ಕೂತಂತೆ, ತಿರುವಿನಾಚೆ ಕಡವೆಯೊಂದು ನಿಂತಂತೆಯೂ ಅವಳ ಕಣ್ಣಿಗೆ ಕಟ್ಟಿತು. ಯಾವ ಕಡೆ ಹೊರಳಿದರೂ ನೆಮ್ಮದಿಯಿರಲಿಲ್ಲ.

ಶನಿವಾರ ಬಂತು. ತಾತನ ಕಾರು ಬಿಲ್ಡಿಂಗಿನ ಹಿಂದೆ ತೆಳ್ಳಗಿನ ಹಿಮ ಹೊದ್ದು ನಿಂತಿತ್ತು. ತಾತ ಮತ್ತು ಕೆರ್ತು ಬಸ್ ಸ್ಟಾಪಿನಲ್ಲಿ ನಿಂತರು. ಬಸ್ಸು ಗುಡಿಸಲಿನ ತನಕ ಹೋಗುವುದಿಲ್ಲ. ಕ್ರಾಸಿನಲ್ಲಿ ಇಳಿದು ಕಾಡಿನೊಳಗೆ ನಡೆಯಬೇಕು. ಇನ್ನೆಷ್ಟು ಚಳಿಗಾಲ ಹಾಗೆ ನಡೆಯಲು ಆದೀತೋ. ಹೊಸ ಒಲೆ ಇನ್ನೂ ಶೆಡ್ಡಿನಲ್ಲೇ ಬಿದ್ದಿತ್ತು.

ದೂರದಲ್ಲಿ ಏನೋ ಗುಡುಗುಡು ಅಂದಿತು. ಕೆರ್ತು ಬಾಯಿ ತೆರೆಯುವ ಮೊದಲೇ ತಾತ ಹೇಳಿದರು. "ದಿಮ್ಮಿ ಲಾರಿ. ಅದಕ್ಕೆ ಕಣ್ಣು ಬೇಡ." ಲಾರಿ ದಾಟಿಹೋಯಿತು. ಅದರ ಸದ್ದು ಪೂರ್ತಿ ಅಡಗುವ ತನಕ ತಾತ ಆ ಕಡೆಗೇ ಮುಖ ಮಾಡಿ ನಿಂತಿದ್ದರು.

ಬಸ್ಸು ಬಂದಾಗ ಕೆರ್ತುವೇ ಕೈ ಅಡ್ಡ ಹಿಡಿದಳು. ಡ್ರೈವರಿನ ಹಿಂದಿನ ಸೀಟಿನಲ್ಲಿ ಇಬ್ಬರೂ ಕೂತರು. ತಾತ ಕಾಲುಗಳನ್ನು ಮುಂದೆ ಚಾಚಿ, ಕೈಗಳನ್ನು ತೊಡೆಯ ಮೇಲಿಟ್ಟು, ಕಣ್ಣು ಮುಚ್ಚಿದ್ದರು.

ಊರು ದಾಟಿತು. ಮುಂದಿನ ಗಾಜಿನಾಚೆ ಒಂದು ಬೋರ್ಡು ಹತ್ತಿರವಾಯಿತು. ಹೇಳಬೇಕೋ ಬೇಡವೋ, ಕೆರ್ತುವಿಗೆ ತಿಳಿಯಲಿಲ್ಲ.

"ಎಂಬತ್ತು," ಎಂದಳು, ಪಿಸುಮಾತಿನಲ್ಲಿ.

ತಾತ ಕಣ್ಣು ತೆರೆಯಲಿಲ್ಲ. "ಎಂಬತ್ತು," ಎಂದರು.

ಬಸ್ಸಿನ ನೆಲದ ಮೇಲೆ ಅವರ ಬಲಗಾಲಿನ ಬೂಟು ಮೆಲ್ಲಗೆ ಮೇಲೆದ್ದು, ಅಲ್ಲೇ ನಿಂತಿತು.

ಕೆರ್ತು ಆ ಬೂಟನ್ನು ನೋಡಿದಳು. ಆಮೇಲೆ ತೋಳಿನಿಂದ ಕಣ್ಣು ಒರೆಸಿಕೊಂಡು ರಸ್ತೆಯ ಕಡೆ ತಿರುಗಿದಳು. ಮುಂದಿನ ಬೋರ್ಡು ಇನ್ನೂ ತುಂಬ ದೂರದಲ್ಲಿತ್ತು. ಅವಳು ಅದರ ಮೇಲಿಂದ ಕಣ್ಣು ತೆಗೆಯಲಿಲ್ಲ.