ಮಲಗು, ನಿದ್ದೆಗೇಡಿ

"ಇದು ಚೆನ್ನಾಗಿ ಕಾಣುತ್ತಾ, ಮೊದಲಿನದು ಚೆನ್ನಾಗಿತ್ತಾ?"

ಕನ್ನಡಕದಂಗಡಿಯವನು ಗಾಜು ತೆಗೆದು ಹಾಕಿ ಕೇಳಿದ. ಕುರ್ಚಿಯಲ್ಲಿ ಕುಳಿತವಳಿಗೆ ಎದುರುಗೋಡೆಯ ಅಕ್ಷರಗಳು ಎರಡು ಸಲವೂ ಒಂದೇ ಥರ ಕಂಡಿದ್ದವು. ಹಾಗೆಂದು ಒಪ್ಪಿಕೊಳ್ಳಲು ಯಾಕೋ ಸಂಕೋಚ. "ಇದೇ" ಎಂದುಬಿಟ್ಟಳು.

"ಗಾಜು ಬದಲಾಯಿಸಲೇ ಇಲ್ಲ ಮೇಡಂ. ಅದನ್ನೇ ತೆಗೆದು ಅದನ್ನೇ ಹಾಕಿದೆ." ಅವನು ಮೀಸೆಯಲ್ಲೇ ನಕ್ಕ. "ಗೊತ್ತಾಗ್ಲಿಲ್ಲ ಅಂದ್ರೆ ಗೊತ್ತಾಗ್ಲಿಲ್ಲ ಅನ್ನಿ. ಇಲ್ಲಿ ಯಾರೂ ಮಾರ್ಕ್ಸ್ ಕೊಡಲ್ಲ."

ಅವಳ ಕಿವಿ ಬಿಸಿಯಾಯಿತು. ಅವನು ಚಿಕ್ಕ ಸ್ಕೇಲನ್ನು ಅವಳ ಮೂಗಿನ ಮೇಲೆ ಅಡ್ಡ ಹಿಡಿದು, ಎರಡು ಕಣ್ಣಿನ ನಡುವಿನ ಅಳತೆ ತೆಗೆಯುತ್ತ, ನನ್ನ ಹಣೆ ನೋಡಿ ಎಂದ. ಅವಳು ಹಣೆ ನೋಡಿದಳು. ನೋಟ ಸ್ವಲ್ಪ ಜಾರಿತು. ಹಣೆಯ ಕೆಳಗೆ ಕಣ್ಣಲ್ಲದೆ ಇನ್ನೇನಿರುತ್ತದೆ, ಹೇಳಿ? ಅವನು ಇನ್ನೊಂದು ಸಲ ಅಳೆಯಬೇಕಾಯಿತು. ಮೊದಲ ಸಲ ಸ್ಕೇಲಿನ ಅಂಕಿ ಓದುವುದನ್ನೇ ಮರೆತಿದ್ದ.

ಅಂಗಡಿಯ ಮೂಲೆಯ ಟೀವಿಯಲ್ಲಿ 'ಕಲ್ಲುಸೇತುವೆ'ಯ ಹಿಂದಿನ ವಾರದ ಎಪಿಸೋಡು ಮರುಪ್ರಸಾರವಾಗುತ್ತಿತ್ತು. ಕೋಟೆ, ಕತ್ತಿ, ಮಾತಾಡುವ ತೋಳಗಳ ಆ ಸೀರಿಯಲ್ಲಿಗೆ ಆಗ ಊರಿಗೆ ಊರೇ ಮರುಳಾಗಿತ್ತು. ಬಸ್ಸಿನಲ್ಲಿ, ಬ್ಯಾಂಕಿನ ಸಾಲಿನಲ್ಲಿ, ಎಲ್ಲಿ ಇಬ್ಬರು ಸೇರಿದರೂ ಮಾತು ಒಂದೇ: ಯಾರು ಉಳಿಯುತ್ತಾರೆ, ಯಾರು ಸಾಯುತ್ತಾರೆ. ಅಂಗಡಿಯವನೂ ಆ ಹುಚ್ಚಿಗೆ ಬಿದ್ದವನೇ. ಕಿರಿಯ ರಾಜಕುಮಾರನೇ ಕೊನೆಗೆ ಪಟ್ಟಕ್ಕೆ ಬರುವುದು ಎಂದು ಆಣೆ ಇಟ್ಟು ಹೇಳಿದ.

"ಅವನು ಬಾವಿಕಟ್ಟೆ ದಾಟಲ್ಲ," ಎಂದಳು ಅವಳು.

ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ವಿಷಯ ಇಷ್ಟೇ. ಅವಳು ಡಬ್ಬಿಂಗ್ ಕಲಾವಿದೆ. ಎಲ್ಲ ಭಾಷೆಗಳಲ್ಲೂ ಒಂದೇ ದಿನ ಪ್ರಸಾರವಾಗುವ, ಪರಭಾಷೆಯ ಆ ಸೀರಿಯಲ್ಲಿನ ರಾಣಿಗೆ ನಮ್ಮ ಭಾಷೆಯಲ್ಲಿ ಕಂಠ ಕೊಡುತ್ತಿದ್ದವಳು. ಗೋಡೆಗೆಲ್ಲ ದಪ್ಪ ಬಟ್ಟೆ ಹೊದಿಸಿದ ಕೋಣೆಯಲ್ಲಿ, ಫೋನನ್ನು ಬಾಗಿಲಲ್ಲೇ ಒಪ್ಪಿಸಿ, ಮೈಕಿನ ಮುಂದೆ ನಿಂತು, ಪ್ರಸಾರಕ್ಕೆ ವಾರಗಳ ಮೊದಲೇ ಅಳುವುದು, ಗದರುವುದು ಅವಳ ಕೆಲಸ. ಮಂದ ಬೆಳಕಿನಲ್ಲಿ ಸಂಭಾಷಣೆ ಓದಿ ಓದಿಯೇ ಕಣ್ಣು ಸೋತದ್ದು. ಕಥೆ ಹೊರಗೆ ಬಿಟ್ಟರೆ ಕೆಲಸ ಹೋಗುತ್ತದೆ ಎಂದು ಸಹಿ ಹಾಕಿಸಿಕೊಂಡಿದ್ದರು. ಸರಿ, ಹೇಳುವ ಹಾಗಿಲ್ಲ, ಒಪ್ಪೋಣ. ಬಾಯಿ ಮುಚ್ಚಿಕೊಂಡಿದ್ದರೆ ಯಾರ ಗಂಟು ಹೋಗುತ್ತಿತ್ತು?

ಆ ವಾರ ರಾಜಕುಮಾರ ಬಾವಿಗೆ ಬಿದ್ದ. ಅವಳು ಕನ್ನಡಕ ಒಯ್ಯಲು ಬಂದಾಗ ಅವನು ಗಲ್ಲಾದಿಂದ ಎದ್ದೇ ನಿಂತ. "ಬನ್ನಿ ಕಾಲಜ್ಞಾನಿ! ಹೇಗೆ ಹೊಳೀತು ನಿಮಗೆ?"

ನಿಜ ಹೇಳಲು ಅದು ಒಳ್ಳೆಯ ಗಳಿಗೆ. ಆದರೆ ಅವನ ಕಣ್ಣಿನಲ್ಲಿ ಅಷ್ಟು ಬೆರಗಿತ್ತು, ಅಷ್ಟು ಬೆರಗಿನಿಂದ ಅವಳನ್ನು ಅದುವರೆಗೆ ಯಾರೂ ನೋಡಿರಲಿಲ್ಲ. ರಾಣಿಯ ಧ್ವನಿಯನ್ನು ಮೆಚ್ಚುವ ಲಕ್ಷ ಜನಕ್ಕೆ ಅವಳ ಮುಖ ಗೊತ್ತಿರಲಿಲ್ಲ. "ಸುಮ್ನೆ, ಊಹೆ," ಎಂದಳು. ಎಲ್ಲಿ ಕೆಲಸ ಎಂದು ಕೇಳಿದ್ದಕ್ಕೆ, ಓದಿ ಒಪ್ಪಿಸೋ ಕೆಲಸ ಎಂದಳು. ಅದು ಸುಳ್ಳಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಅಲ್ಲಿಂದ ಶುರುವಾಯಿತು ಸಂಜೆಯ ಮಾತು. ಇವತ್ತು ಸ್ಕ್ರೂ ಸಡಿಲ, ನಾಳೆ ಮೂಗಿನ ಮೇಲೆ ಭಾರ, ಹೀಗೆ ಒಂದಲ್ಲ ಒಂದು ನೆಪ. ಅವನು ಕನ್ನಡಕದ ಕಡ್ಡಿ ಬಿಸಿ ಮಾಡಿ ಬಗ್ಗಿಸಿ, ಅವಳ ಕಿವಿಯ ಹಿಂದೆ ಕೂದಲು ಸರಿಸಿ ಕೂರಿಸುವನು. ಬೆರಳು ತಾಗಿದರೆ ಸಾರಿ ಎನ್ನುವನು, ಬೆರಳನ್ನು ಮಾತ್ರ ತೆಗೆಯುವುದು ನಿಧಾನ. ಹಾಗೇ ಯಾರು ಉಳಿಯುತ್ತಾರೆ ಎಂಬ ವಾದ. ಅವಳು ಹೇಳಿದ್ದೆಲ್ಲ ನಿಜವಾಗುತ್ತಿತ್ತು. ಇಷ್ಟು ತಲೆ ಇರುವವರನ್ನು ನಾನು ಕಂಡೇ ಇಲ್ಲ ಎಂದು ಅವನು ಬಂದ ಗಿರಾಕಿಗಳಿಗೆಲ್ಲ ಸಾರುತ್ತಿದ್ದ. ಹೊಗಳಿ ಹೊನ್ನಶೂಲಕ್ಕೇರಿಸುವುದು ಎಂದರೆ ಇದೇ. ಮನೆಗೆ ಹೋಗಿ ಮಲಗಿದರೆ ಆ ಹೊಗಳಿಕೆ ಎದೆಯಲ್ಲಿ ಮುಳ್ಳಾಡಿಸುತ್ತಿತ್ತು. ಬೆಳಿಗ್ಗೆ ಎದ್ದು ಮತ್ತೆ ಅದಕ್ಕೇ ಹಾತೊರೆಯುತ್ತಿದ್ದಳು. ಅವಳನ್ನು ಬೈಯಬೇಡಿ, ಬೈದುಕೊಳ್ಳುವುದನ್ನು ಅವಳೇ ಚೆನ್ನಾಗಿ ಮಾಡುತ್ತಿದ್ದಳು.

ಅವನಿಗೆ ಆ ಸೀರಿಯಲ್ಲಿನಲ್ಲಿ ರಾಜ ಬೇಡ, ರಾಣಿ ಬೇಡ. ಸೇತುವೆ ಕಾಯುವ ಮುದುಕನೊಬ್ಬನಿದ್ದ, ಅವನು ಬೇಕು. ಅವನನ್ನು ಕಂಡಾಗಲೆಲ್ಲ 'ನಮ್ಮ ನಿದ್ದೆಗೇಡಿ' ಎನ್ನುತ್ತಿದ್ದ. ಯಾಕೆ ಹಾಗೆ ಎಂದು ಒಂದು ಸಂಜೆ ಅವಳು ಕೇಳಿದಳು.

ಗಾಜು ಒರೆಸುತ್ತಲೇ ಹೇಳಿದ. ಅವನ ಅಪ್ಪ ಗೋದಾಮಿನಲ್ಲಿ ರಾತ್ರಿ ಕಾವಲುಗಾರ. ಬೆಳಿಗ್ಗೆ ಬಂದು ಬೂಟು ಬಿಚ್ಚುವಾಗ ಅಮ್ಮ ದಿನವೂ ಒಂದೇ ಮಾತು ಹೇಳುತ್ತಿದ್ದರಂತೆ: "ಮಲಗು, ನಿದ್ದೆಗೇಡಿ. ಬೆಳಗಾಯ್ತು." ಉಳಿದಂತೆ ಅಪ್ಪನಿಗೆ ಬಹುವಚನ, ಆ ಒಂದು ಮಾತಿನಲ್ಲಿ ಮಾತ್ರ ಏಕವಚನ. ಒಂದು ದಿನ ಬೆಳಗಾದರೂ ಅಪ್ಪ ಬರಲಿಲ್ಲ. ಕುರ್ಚಿಯಲ್ಲಿ ಕುಳಿತಲ್ಲೇ ಎದೆ ನಿಂತಿತ್ತು. ಪಕ್ಕದಲ್ಲಿ ಯಾರೂ ಇರಲಿಲ್ಲ. ಅಮ್ಮನಿಗೆ ಇವತ್ತಿಗೂ ಅದೇ ಕೊರಗು.

"ಆ ಸೇತುವೆ ಮುದುಕ ಬೂಟು ಬಿಚ್ಚೋದು ಥೇಟ್ ಅಪ್ಪನ ಹಾಗೇ," ಎಂದ. "ಅಮ್ಮ ಅದಕ್ಕೇ ನೋಡೋದು. ಇವನಾದ್ರೂ ಬೆಳಿಗ್ಗೆ ಮನೆಗೆ ಬರಲಿ ಅಂತ."

ಆ ಮಾತು ಅವಳ ಮನಸ್ಸಿನಲ್ಲಿ ಕೂತೇಬಿಟ್ಟಿತು.

ಕೆಲವು ವಾರ ಕಳೆದು ಡಬ್ಬಿಂಗ್ ಕೋಣೆಯಲ್ಲಿ ಕೊನೆಯ ಎಪಿಸೋಡಿನ ಕೆಲಸ ಬಂತು. ಪರದೆಯ ಮೇಲೆ ಸೇತುವೆಯ ಮುದುಕ ಬಾಣ ತಿಂದು ಬಿದ್ದ. ಆಗ ತಾನೇ ಬೆಳಕು ಹರಿಯುತ್ತಿತ್ತು. ರಾಣಿ ಓಡಿ ಬಂದು, ನಮ್ಮ ಕಡೆ ಬೆನ್ನು ಮಾಡಿ, ಅವನ ಕಿವಿಗೆ ಬಾಗಿದಳು. ಮೂಲದಲ್ಲಿ ಅಲ್ಲಿದ್ದದ್ದು ಬರೀ ಒಂದು ನಿಟ್ಟುಸಿರು. ತುಟಿ ಕಾಣದ ದೃಶ್ಯವೆಂದರೆ ಡಬ್ಬಿಂಗಿನವರಿಗೆ ಹಬ್ಬ, ಬಾಯಿಗೆ ಮಾತು ಕೂರಿಸುವ ತಾಪತ್ರಯವಿಲ್ಲ. ಅವಳು ನಿಟ್ಟುಸಿರು ಬಿಟ್ಟಳು. ಬಿಡುವಾಗ ಕಣ್ಣ ಮುಂದೆ ಬಂದದ್ದು ಒಂದು ಖಾಲಿ ಗೋದಾಮು, ಒಂದು ಕುರ್ಚಿ, ಗಾಜು ಒರೆಸುವ ಒಬ್ಬ ಮಗ. ಬಾಯಿ ತಾನಾಗಿ ಆಡಿತು.

"ಮಲಗು, ನಿದ್ದೆಗೇಡಿ. ಬೆಳಗಾಯ್ತು."

ರಾಣಿಗಾಗಿ ಎದೆಯಾಳಕ್ಕೆ ಇಳಿಸುತ್ತಿದ್ದ ಕಂಠವಲ್ಲ ಅದು. ಅವಳ ಸ್ವಂತ ಧ್ವನಿ.

ಡಬ್ಬಿಂಗ್ ಮೇಷ್ಟ್ರು ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟರು. ಬಾಯ್ತಪ್ಪಿ ಬಂತು ಸಾರ್, ಇನ್ನೊಂದು ಟೇಕ್ ಮಾಡೋಣ ಎಂದಳು. ಬಾಯ್ತಪ್ಪಿ ಬಂದದ್ದನ್ನೇ ಇಡಬೇಕಮ್ಮ, ಇಷ್ಟು ವರ್ಷದಲ್ಲಿ ನೀನು ಇದಕ್ಕಿಂತ ಚೆನ್ನಾಗಿ ಹೇಳಿಲ್ಲ ಎಂದರು ಮೇಷ್ಟ್ರು. ಹಟ ಹಿಡಿದಿದ್ದರೆ ತೆಗೆಸಬಹುದಿತ್ತು. ಹೊಗಳಿದರಲ್ಲ, ಹಟ ಹಿಡಿಯಲಿಲ್ಲ. ಮತ್ತೆ ಅದೇ ಚಪಲ. ಇನ್ನೊಬ್ಬರ ಮನೆಯ ಮಾತನ್ನು ಕದ್ದು ಊರಿಗೆಲ್ಲ ಹಂಚಲು ಕೊಟ್ಟು ಬಂದಳು.

ಕಳ್ಳನ ಮನಸ್ಸು ಹುಳ್ಳುಳ್ಳಗೆ. ಅಂದೇ ಸಂಜೆ ಎಲ್ಲ ಹೇಳಿಬಿಡುವುದೆಂದು ಅಂಗಡಿಗೆ ಹೋದರೆ, ಅಲ್ಲಿ ಅವನ ಅಮ್ಮ ಕೂತಿದ್ದರು. ತೆಳ್ಳಗಿನ ಹೆಂಗಸು, ಕೈಯಲ್ಲಿ ಹೊಸ ಕನ್ನಡಕ. ಇವರೇನಾ ನಿನ್ನ ಕಾಲಜ್ಞಾನಿ ಎಂದು ಮಗನನ್ನು ಕೇಳಿ, ಅವಳ ಕೈ ಹಿಡಿದುಕೊಂಡರು.

"ಒಂದು ಮಾತು ಹೇಳಮ್ಮ. ಸೇತುವೆಯವನು ಉಳೀತಾನಾ? ಸಾಯೋದಾದ್ರೆ ನಾನು ಕೊನೇದು ನೋಡಲ್ಲ. ಒಂದು ಸಲ ಸಾಕಾಗಿದೆ."

ಮಗ ಅಮ್ಮನ ಹಿಂದೆ ನಿಂತು ಅವಳನ್ನೇ ನೋಡುತ್ತಿದ್ದ. ಹೂಂ ಅನ್ನಿ ಎನ್ನುವಂತಿತ್ತು ಆ ನೋಟ. ಗೊತ್ತಿಲ್ಲಮ್ಮ ಎಂದಿದ್ದರೆ ಮುಗಿಯುತ್ತಿತ್ತು. ಎಷ್ಟು ಸಣ್ಣ ಮಾತು!

"ಉಳೀತಾನೆ," ಎಂದಳು.

ಆಮೇಲಿನ ವಾರಗಳಲ್ಲಿ ಆ ಸುಳ್ಳು ಅವಳಿಗೆ ಬಿಸಿತುಪ್ಪವಾಯಿತು, ಉಗುಳಲಾರಳು, ನುಂಗಲಾರಳು. ಅಂಗಡಿಯ ಬೀದಿಯಲ್ಲೇ ಅವಳು ಕಾಣಿಸಲಿಲ್ಲ. ಅವನೇ ಫೋನ್ ಮಾಡಿ, ಕನ್ನಡಕದ ಮೇಲೆ ಸಿಟ್ಟೋ ನನ್ನ ಮೇಲೆ ಸಿಟ್ಟೋ ಎಂದು ತಮಾಷೆ ಮಾಡಿದ. ಭಾನುವಾರ ಮಧ್ಯಾಹ್ನ ಕೊನೆಯ ಎಪಿಸೋಡು, ನಮ್ಮ ಮನೆಗೇ ಬನ್ನಿ, ಅಮ್ಮ ಹೇಳಿದ್ದಾರೆ ಎಂದ. ಆಮೇಲೆ ಸ್ವಲ್ಪ ತಡೆದು, "ಎಪಿಸೋಡ್ ಮುಗಿದ ಮೇಲೆ ನಿಮ್ಮ ಹತ್ರ ಒಂದು ಮಾತು ಕೇಳೋದಿದೆ. ಅದರ ಉತ್ತರಾನೂ ನಿಮಗೆ ಮೊದಲೇ ಗೊತ್ತಿರುತ್ತೆ ಬಿಡಿ," ಎಂದ.

ಗೊತ್ತಿತ್ತು. ಅದಕ್ಕೇ ಅಳು ಬಂತು.

ಭಾನುವಾರ ಬೇಗನೆ ಹೊರಟಳು. ಟೀವಿ ಹಚ್ಚುವ ಮೊದಲೇ ಹೇಳಬೇಕು. ಅಂಗಡಿಯ ಹಿಂದಿನ ಕೋಣೆಯೇ ಅವರ ಮನೆ. ಅಮ್ಮ ಇಸ್ತ್ರಿ ಮಾಡಿದ ಸೀರೆ ಉಟ್ಟು, ಹೊಸ ಕನ್ನಡಕ ಹಾಕಿ ಕಾದಿದ್ದರು. ನೀನು ಹೇಳಿದೆಯಲ್ಲ, ಧೈರ್ಯವಾಗಿ ಕೂತಿದ್ದೀನಿ ಎಂದರು. ಅವಳು ಅವನನ್ನು ಬಾಗಿಲಿನ ಹತ್ತಿರ ಕರೆದು, ನಾನು ನಿಮಗೊಂದು ವಿಷಯ ಹೇಳಬೇಕು ಎಂದಳು. ಅವನು ನಾಚಿ ಕೆಂಪಾಗಿ, "ಮುಗೀಲಿ, ಮೊದಲು ನಾನು," ಎಂದುಬಿಟ್ಟ. ಏನೆಂದು ತಿಳಿದನೋ ಪುಣ್ಯಾತ್ಮ. ಟೀವಿ ಹಚ್ಚಿಯೇಬಿಟ್ಟ.

ಬಾಣ ಬಂತು. ಮುದುಕ ಬಿದ್ದ.

ಅಮ್ಮನ ಕೈ ಸೆರಗು ಹಿಡಿಯಿತು. ಮಗ ಅರ್ಧ ಎದ್ದ, ಟೀವಿ ಆರಿಸಲೆಂದೋ ಏನೋ. ಅಷ್ಟರಲ್ಲಿ ರಾಣಿ ಬಂದಳು, ಬೆನ್ನು ಮಾಡಿ ಬಾಗಿದಳು. ಆ ಚಿಕ್ಕ ಕೋಣೆಯಲ್ಲಿ, ಅವಳ ಧ್ವನಿಯಲ್ಲಿ, ಆ ಮನೆಯ ಮಾತು ಕೇಳಿಸಿತು.

ಅವನು ಟೀವಿ ನೋಡಲಿಲ್ಲ, ಅವಳನ್ನು ನೋಡಿದ. ಬೆರಗಿನ ಆ ಹಳೆಯ ನೋಟವಲ್ಲ. ಬೇರೆ ಯಾರನ್ನೋ ನೋಡುವ ಹಾಗೆ ನೋಡಿ, ಎದ್ದು ಅಂಗಡಿಗೆ ಹೋದ. ಅವಳೂ ಹಿಂದೆ ಹೋದಳು. ಬಾಗಿಲು ಹಾಕಿದ ಅಂಗಡಿಯಲ್ಲಿ ಸಾಲು ಸಾಲು ಫ್ರೇಮುಗಳು.

"ಎಲ್ಲಾ ಗೊತ್ತಿತ್ತು ನಿಮಗೆ," ಎಂದ.

"ಗೊತ್ತಿತ್ತು. ನಿಮ್ಮ ಎದುರು ಒಂದು ಸಲಾನೂ ನಾನು ಊಹೆ ಮಾಡಿಲ್ಲ. ತಲೆ ನಂದಲ್ಲ. ನೀವು ಹೊಗಳ್ತಾ ಇದ್ರಿ, ನಾನು ತಗೋತಾ ಇದ್ದೆ."

"ಅದು ಹಾಳಾಗ್ಲಿ. ಅಮ್ಮಂಗೆ ಯಾಕೆ ಸುಳ್ಳು ಹೇಳಿದ್ರಿ? ನಾನು ಅವರನ್ನ ಕೂರಿಸಿಕೊಂಡು ತೋರಿಸಿದೆನಲ್ಲ."

ಅವಳು ಕನ್ನಡಕ ತೆಗೆದು ಗಲ್ಲಾದ ಮೇಲೆ ಇಟ್ಟಳು. "ನಿಮ್ಮ ಮುಖ ನೋಡಿ ಇಲ್ಲ ಅನ್ನೋಕೆ ಆಗ್ಲಿಲ್ಲ. ರಾಣಿ ಬಾಯಲ್ಲಿ ಬಂತಲ್ಲ, ಆ ಮಾತು ಬೇಕು ಅಂತ ಹೇಳಿದ್ದಲ್ಲ. ಮೈಕ್ ಮುಂದೆ ನಿಂತಾಗ ನೆನಪಾಗಿದ್ದು ನೀವು. ನಿಮ್ಮನ್ನ ಇಷ್ಟಪಟ್ಟೆ, ಅದೊಂದು ಸುಳ್ಳಲ್ಲ. ಬರ್ತೀನಿ."

ಹಿಂದೆ ಪರದೆ ಸರಿಯಿತು. ಅಮ್ಮ ನಿಂತಿದ್ದರು, ಕಣ್ಣು ಒದ್ದೆ.

"ನಿಂತ್ಕೋಮ್ಮ. ಆ ರಾಣಿಗೆ ಮಾತಾಡಿದ್ದು ನೀನಾ?"

"ಹೂಂ ಅಮ್ಮ. ನಿಮ್ಮ ಮಾತು ಅದು. ಕೇಳದೆ ತಗೊಂಡೆ. ಸಾಯೋದೂ ಗೊತ್ತಿತ್ತು, ಉಳೀತಾನೆ ಅಂತ ಸುಳ್ಳು ಹೇಳಿದೆ. ತಪ್ಪಾಯ್ತು."

ಸುಳ್ಳು ಹೇಳಿದ್ದು ತಪ್ಪೇ ಎಂದರು ಅಮ್ಮ, ಅದರಲ್ಲಿ ರಿಯಾಯಿತಿ ಕೊಡಲಿಲ್ಲ. ಆಮೇಲೆ ಗಿರಾಕಿಗಳ ಕುರ್ಚಿಯಲ್ಲಿ ಕೂತು, ಸೆರಗಿನಿಂದ ಹೊಸ ಗಾಜು ಒರೆಸಿಕೊಂಡರು. "ದಿನಾ ಹೇಳ್ತಿದ್ದೆ ಅವರಿಗೆ. ಆವತ್ತು ಒಂದು ದಿನ ಹೇಳೋಕೆ ಆಗ್ಲಿಲ್ಲ. ಈ ಸೇತುವೆಯವನಿಗಾದ್ರೂ ಹೇಳೋರು ಒಬ್ರು ಇದ್ರಲ್ಲ ತಾಯಿ." ಕನ್ನಡಕ ಮತ್ತೆ ಹಾಕಿಕೊಂಡರು. "ಇನ್ನೊಂದು ಸಲ ಹೇಳ್ತೀಯಾ?"

ಅವಳು ಹೇಳಿದಳು. ಮೈಕಿಲ್ಲ, ರಾಣಿಯಿಲ್ಲ, ಬರೀ ಅವಳು. ಅಮ್ಮ ಕಣ್ಣು ಮುಚ್ಚಿ ಕೇಳಿದರು, ತಲೆಯಾಡಿಸಿದರು, ಎದ್ದು ಒಳಗೆ ಹೋದರು.

ಅವನು ಗೋಡೆಗೆ ಮುಖ ಮಾಡಿ ನಿಂತಿದ್ದ. ಭುಜ ಅಲುಗುತ್ತಿತ್ತು. ತಿರುಗಿದಾಗ ಕುರ್ಚಿ ತೋರಿಸಿ, "ಕೂತ್ಕೊಳ್ಳಿ," ಎಂದ.

ಕೂತಳು. ಅವನು ಕಣ್ಣು ಪರೀಕ್ಷಿಸುವ ಭಾರದ ಫ್ರೇಮನ್ನು ಅವಳ ಮೂಗಿನ ಮೇಲೆ ಇಟ್ಟ. ಬೆರಳು ಕಿವಿಯ ಹಿಂದೆ ಕೂದಲು ಸರಿಸಿತು. ಈ ಸಲ ಸಾರಿ ಎನ್ನಲಿಲ್ಲ.

"ಇದು ಚೆನ್ನಾಗಿ ಕಾಣುತ್ತಾ, ಮೊದಲಿನದು ಚೆನ್ನಾಗಿತ್ತಾ?"

ಅವಳಿಗೆ ಎಲ್ಲವೂ ಕಲಸಿದಂತೆ ಕಂಡಿತು. ಗೋಡೆಯ ಅಕ್ಷರ, ಫ್ರೇಮುಗಳು, ಅವನ ಮುಖ.

"ಗೊತ್ತಿಲ್ಲ," ಎಂದಳು. "ನಿಜವಾಗ್ಲೂ ಗೊತ್ತಿಲ್ಲ."

"ಸದ್ಯ, ಒಂದಾದ್ರೂ ಗೊತ್ತಿಲ್ಲ ಅಂದ್ರಲ್ಲ." ಅವನ ಬೆರಳು ಫ್ರೇಮಿನ ಒಳಗೆ ನೇರವಾಗಿ ತೂರಿ ಬಂದು ಅವಳ ಕಣ್ಣೀರು ಒರೆಸಿತು. ಗಾಜನ್ನೇ ಹಾಕಿರಲಿಲ್ಲ. "ಕೋಪ ಇನ್ನೂ ಇದೆ. ಯಾವಾಗ ಹೋಗುತ್ತೆ, ನನಗೂ ಗೊತ್ತಿಲ್ಲ. ಹೋಗೋವರೆಗೂ ದಿನಾ ಸಂಜೆ ಬಂದು ನೋಡಿಕೊಂಡು ಹೋಗ್ತೀರಾ?"

ಅವಳು ಹೂಂ ಎಂದಳು. ಒಳಗಿನಿಂದ ಅಮ್ಮ, ಟೀ ಆರ್ತಾ ಇದೆ, ಇಬ್ಬರೂ ಬನ್ನಿ ಎಂದು ಕರೆದರು.